ಚೌಕಟ್ಟಿನೊಳಗೆ ಯಾರು ನಿಲ್ಲುತ್ತಾರೆ? ಅಂತರಸಾಂಸ್ಕೃತಿಕ ದಂಪತಿಗಳು, ಛಾಯಾಗ್ರಹಣ ಕಮ್ಮಟ ಮತ್ತು ಬಳಗದ ಪ್ರಶ್ನೆ: ಕೊಪ್ಪಳ ಸೀಮೆಯ ನೆಲೆಯಿಂದ

ಅಂತರಸಾಂಸ್ಕೃತಿಕ ದಾಂಪತ್ಯವೆಂಬ ಪರಿಭಾಷೆಯನ್ನು ಸಾಮಾನ್ಯವಾಗಿ ಎರಡು ದೇಶಗಳ ಅಥವಾ ಎರಡು ಜನಾಂಗಗಳ ನಡುವೆ ನಡೆದ ಮದುವೆಗೆ ಬಳಸಲಾಗುತ್ತದೆ. ಅಂಥ ದಂಪತಿಗಳಿಗಾಗಿ ದೊಡ್ಡ ನಗರಗಳಲ್ಲಿ ನಡೆಯುವ ಗೆಳೆಯರ ಕೂಟಗಳೂ ಛಾಯಾಗ್ರಹಣ ಕಮ್ಮಟಗಳೂ ಈ ಅರ್ಥವನ್ನೇ ಇಟ್ಟುಕೊಂಡು ಹುಟ್ಟಿದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಟ್ಟಿಗೆ ಈ ಅರ್ಥ ತೀರಾ ಇಕ್ಕಟ್ಟಿನದು. ಒಂದೇ ಊರಿನಲ್ಲಿ ಹುಟ್ಟಿ, ಒಂದೇ ಮಾತಾಡಿ, ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಬೇರೆ ಬೇರೆ ಓಣಿಯವರಾದರೆ ಅವರ ಅಡುಗೆ, ದೇವರು, ಸಾವಿನ ಕ್ರಿಯಾವಿಧಿ, ಬೀಗತನದ ಲೆಕ್ಕಾಚಾರ ಎಲ್ಲವೂ ಬೇರೆಯಾಗಿರುವ ಕಡೆ, ಜಾತಿ, ಧರ್ಮ ಅಥವಾ ಮನೆಮಾತಿನ ಗೆರೆಯನ್ನು ದಾಟಿದ ಪ್ರತಿಯೊಂದು ಮದುವೆಯೂ ಅಂತರಸಾಂಸ್ಕೃತಿಕವೇ. ಈ ಲೇಖನದಲ್ಲಿ ಆ ಪದವನ್ನು ಇಷ್ಟು ವಿಸ್ತಾರವಾದ ಅರ್ಥದಲ್ಲಿ ಬಳಸಲಾಗಿದೆ. ಬಂಧುಬಳಗದಿಂದ ಹೊರಗುಳಿದ ದಂಪತಿಗೆ ಛಾಯಾಚಿತ್ರದ ಬೆಲೆ ಅದರ ಅಂದದಲ್ಲಿರದೆ, ಚೌಕಟ್ಟಿನೊಳಗೆ ಅವರ ಪಕ್ಕ ಯಾರು ನಿಂತರು ಮತ್ತು ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂಬುದರಲ್ಲಿರುತ್ತದೆ ಎಂಬುದು ಇಲ್ಲಿನ ವಾದ. ಛಾಯಾಗ್ರಹಣ ಕಮ್ಮಟವೊಂದು ಬಳಗವಾಗಿ ಬೆಳೆಯುವುದೂ ಬೆಳೆಯದಿರುವುದೂ ಇದನ್ನೇ ಅವಲಂಬಿಸಿದೆ.

ಸೀಮೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಹಳೆಯ ಯಲಬುರ್ಗಾ ತಾಲ್ಲೂಕಿನ ಹೋಬಳಿಯಾದ ಮಂಗಳೂರು (ಕರಾವಳಿಯ ನಗರದ ಹೆಸರನ್ನೇ ಹೊತ್ತ ಈ ಊರಿನವರು ಪರಸ್ಥಳದಲ್ಲಿ ತಮ್ಮೂರು ಯಾವುದೆಂದು ಎರಡು ಬಾರಿ ಹೇಳಬೇಕಾಗುತ್ತದೆ) ಮತ್ತು ಅದರ ಸುತ್ತಲಿನ ಎರೆಹೊಲದ ಹಳ್ಳಿಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1997ರಲ್ಲಿ ಕೊಪ್ಪಳ ಜಿಲ್ಲೆ ರೂಪುಗೊಳ್ಳುವವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಕನ್ನಡದ ಜೊತೆಗೆ ಉರ್ದು, ತಾಂಡಾಗಳ ಲಂಬಾಣಿ, ಗಂಗಾವತಿಯ ಕಡೆಗೆ ತೆಲುಗು ಇಲ್ಲಿ ದಿನಬಳಕೆಯ ಮಾತುಗಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಗಂಗಾವತಿ, ಕಾರಟಗಿ ಭಾಗದಲ್ಲಿ ಭೂಮಿ ಕೊಂಡು ನೆಲೆಸಿದರು. ಅವರ ವಸತಿಗಳನ್ನು ಜನ ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಮೂರು ತಲೆಮಾರು ಕಳೆದರೂ ಕ್ಯಾಂಪಿನ ಭತ್ತದ ಗದ್ದೆಗೆ ಮೂಲ ಊರಿನವರು ಕೂಲಿಗೆ ಹೋಗುವ ಸಂಬಂಧ ಬೆಳೆದಷ್ಟು ಸುಲಭವಾಗಿ ಬೀಗತನ ಬೆಳೆಯಲಿಲ್ಲ. ಮೊಹರಂ ಕುರಿತೂ ಇದೇ ಮಾತು ಸಲ್ಲುತ್ತದೆ: ಈ ಭಾಗದ ಅನೇಕ ಹಳ್ಳಿಗಳಲ್ಲಿ ಹಿಂದೂಗಳೇ ಅಲಾಯಿ ಕುಣಿಯುತ್ತಾರೆ, ಪೀರಲ ದೇವರಿಗೆ ಹರಕೆ ಹೊರುತ್ತಾರೆ, ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ಹಬ್ಬ ಹಂಚಿಕೊಂಡ ಊರು ಹಂದರ ಹಂಚಿಕೊಳ್ಳುವುದಿಲ್ಲ. ಸೌಹಾರ್ದದ ಅಧ್ಯಯನಗಳು ಹಬ್ಬದ ಬಳಿಯೇ ನಿಂತುಬಿಡುವುದರಿಂದ ಈ ಮಿತಿ ಅವುಗಳ ಕಣ್ಣಿಗೆ ಬೀಳುವುದು ಕಡಿಮೆ.

ಮಿತಿ ಎಷ್ಟು ಗಡುಸಾದುದು ಎಂಬುದಕ್ಕೆ ನ್ಯಾಯಾಲಯದ ದಾಖಲೆಗಳೇ ಸಾಕು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತ ಕೇರಿಯ ಮೇಲೆ ನಡೆದ ದಾಳಿಗೆ ಸಂಬಂಧಿಸಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಯಲಬುರ್ಗಾಕ್ಕೆ ಹೊಂದಿಕೊಂಡಿರುವ ಗಜೇಂದ್ರಗಡ ಭಾಗದ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿ ಹೊರಗೆ ಬದುಕುತ್ತಿದ್ದು ಊರಿಗೆ ಮರಳಿದ್ದ ದಂಪತಿಯನ್ನು 2019ರ ನವೆಂಬರ್‌ನಲ್ಲಿ ಕೊಲ್ಲಲಾಯಿತು; 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ದೇಶದ ಮಟ್ಟದಲ್ಲಿಯೂ ಮಿಶ್ರ ವಿವಾಹಗಳು ವಿರಳ. ಅಂತರ್ಜಾತಿ ವಿವಾಹಗಳ ಪ್ರಮಾಣ ಶೇಕಡ 5ರ ಆಸುಪಾಸಿನಲ್ಲಿದೆಯೆಂದು ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ತೋರಿಸಿದೆ; ಸುಮಾರು 30,000 ಜನರನ್ನು ಮಾತನಾಡಿಸಿ ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಿವಾಹಿತರ ಪೈಕಿ ಹೆಚ್ಚುಕಡಿಮೆ ಎಲ್ಲರೂ ತಮ್ಮ ಸಂಗಾತಿ ತಮ್ಮ ಧರ್ಮದವರೇ ಎಂದಿದ್ದಾರೆ. ಇಷ್ಟು ವಿರಳವಾದವರು ಒಬ್ಬರನ್ನೊಬ್ಬರು ಕಾಣುವುದಾದರೂ ಎಲ್ಲಿ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಛಾಯಾಚಿತ್ರಕ್ಕೂ ಬಳಗಕ್ಕೂ ಇರುವ ನಂಟನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಮುಖ್ಯ. 1965ರಲ್ಲಿ ಪ್ರಕಟವಾದ ಛಾಯಾಗ್ರಹಣ ಕುರಿತ ಗ್ರಂಥದಲ್ಲಿ ಆತ ತನ್ನ ಹುಟ್ಟುಸೀಮೆಯಾದ ಬೆಯಾರ್ನಿನ ರೈತರ ಮದುವೆಯ ಸಮೂಹಚಿತ್ರಗಳನ್ನು ಪರಿಶೀಲಿಸಿ, ಕ್ಯಾಮೆರಾ ಹಳ್ಳಿಗೆ ಪ್ರವೇಶಿಸಿದ್ದೇ ಕುಟುಂಬದ ಒಗ್ಗಟ್ಟನ್ನು ಗಂಭೀರವಾಗಿ ದಾಖಲಿಸುವ ಸಾಧನವಾಗಿ ಎಂದು ತೋರಿಸಿದ. ಕೊಪ್ಪಳ ಸೀಮೆಯ ಮದುವೆಯ ಆಲ್ಬಂ ಇದಕ್ಕೆ ಬೇರೆ ವ್ಯಾಖ್ಯಾನವನ್ನೇ ಬೇಡುವುದಿಲ್ಲ. ಅರಿಶಿಣ ಹಚ್ಚುವ ಮುತ್ತೈದೆಯರು, ಸುರಗಿ ಸುತ್ತುವಾಗ ಕುಳಿತ ಹಿರಿಯರು, ಬಾಸಿಂಗ ಕಟ್ಟಿದ ಮದುಮಕ್ಕಳ ಹಿಂದೆ ನಿಂತ ಸೋದರಮಾವ, ಅಕ್ಕಿಕಾಳು ಹಾಕಿ ಆಹೇರು ಕೊಟ್ಟ ಮೇಲೆ ಸರದಿಯಂತೆ ವೇದಿಕೆ ಹತ್ತುವ ಬೀಗರು: ಪುಟ ತಿರುವುತ್ತ ಹೋದರೆ ಕಾಣುವುದು ಸಂಬಂಧಗಳ ಒಂದು ಪಟ್ಟಿ. ಯಾರು ಬಂದಿದ್ದರು ಎಂಬುದಕ್ಕಿಂತ ಯಾರು ಬರಲಿಲ್ಲ ಎಂಬುದನ್ನು ಆ ಆಲ್ಬಂ ಹೆಚ್ಚು ಖಚಿತವಾಗಿ ನೆನಪಿಡುತ್ತದೆ. ಮುನಿಸಿಕೊಂಡ ಕಾಕಾ ಇಪ್ಪತ್ತು ವರ್ಷಗಳ ನಂತರವೂ ಇಲ್ಲದ ಮುಖವಾಗಿಯೇ ಅಲ್ಲಿರುತ್ತಾನೆ. ರಿಜಿಸ್ಟರ್ ಮದುವೆಯಾದವರ ಬಳಿ ಇರುವ ಚಿತ್ರವಾದರೋ ಬಹುಮಟ್ಟಿಗೆ ಒಂದೇ: ಅರ್ಜಿಗೆ ಅಂಟಿಸಲು ತೆಗೆಸಿದ ಜೋಡಿ ಫೋಟೊ.

ಈ ಜೋಡಿ ಫೋಟೊ ಕಾನೂನಿನ ದೃಷ್ಟಿಯಲ್ಲಿ ಸಾಕ್ಷ್ಯ, ಆದರೆ ಬಳಗದ ದೃಷ್ಟಿಯಲ್ಲಿ ಖಾಲಿ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವವರು ಮುಂಚಿತವಾಗಿ ಸೂಚನೆ ನೀಡಬೇಕು. ಅದರ ಪ್ರತಿಯನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ, ಆಕ್ಷೇಪಣೆಗೆ 30 ದಿನಗಳ ಅವಕಾಶ ಕೊಡಬೇಕು. ಕೊನೆಗೆ ವಧೂವರರ ಜೊತೆ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಓಡಿಬಂದ ಹುಡುಗ ಹುಡುಗಿಗೆ ಈ ಮೂವರನ್ನು ಹೊಂದಿಸುವುದೇ ಮೊದಲ ಕಷ್ಟ. ಸಹಪಾಠಿ, ಸಹೋದ್ಯೋಗಿ, ಕೆಲವೊಮ್ಮೆ ಕಚೇರಿಯ ಆವರಣದಲ್ಲಿ ಸಿಕ್ಕ ಅಪರಿಚಿತ ಹೀಗೆ ನೆರೆದ ಆ ಮೂವರೇ ಆ ದಿನದ ಮಟ್ಟಿಗೆ ಸೋದರಮಾವನ ಜಾಗವನ್ನು ತುಂಬುತ್ತಾರೆ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ ಮಗಳು ಕಾಣೆಯಾಗಿದ್ದಾಳೆಂದು ದಾಖಲಾದ ದೂರೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಾಗ, ಯುವತಿ ತನ್ನ ಮದುವೆಯ ಪ್ರಮಾಣಪತ್ರವನ್ನು ವಾಟ್ಸಾಪ್ ಮೂಲಕ ಮನೆಗೆ ಕಳುಹಿಸಿದ್ದ ಸಂಗತಿಯೂ ದಾಖಲೆಗೆ ಬಂದಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಬೇಕಿಲ್ಲವೆಂದು 2021ರ ಫೆಬ್ರುವರಿಯ ತೀರ್ಪಿನಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿ, ಇಂಥ ಪ್ರಕರಣಗಳನ್ನು ನಿಭಾಯಿಸುವ ಬಗ್ಗೆ ಪೊಲೀಸರಿಗೆ ಮಾರ್ಗಸೂಚಿ ಮತ್ತು ತರಬೇತಿ ರೂಪಿಸುವಂತೆ ನಿರ್ದೇಶಿಸಿತು. ನ್ಯಾಯಾಲಯ ಸಮ್ಮತಿಯ ಅಗತ್ಯವನ್ನು ತೆಗೆದುಹಾಕಬಲ್ಲದು. ಸಮ್ಮತಿ ಕೊಡದವರ ಜಾಗದಲ್ಲಿ ಬೇರೆ ಮನುಷ್ಯರನ್ನು ತಂದು ನಿಲ್ಲಿಸುವುದು ಅದರ ಕೆಲಸವಲ್ಲ.

ಆ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಹಳೆಯ ಪ್ರಯತ್ನಗಳಿವೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ಕಥನ ಕೊಪ್ಪಳದ ಮಠಗಳ ಪ್ರವಚನದಲ್ಲಿ ಇಂದಿಗೂ ಕೇಳಿಬರುತ್ತದೆ; ಅಲ್ಲಿ ಆ ಮದುವೆಗೆ ಬಂಧುಗಳಾದವರು ಶರಣರು, ಅದಕ್ಕೆ ಬೆಲೆ ತೆತ್ತವರು ಇಬ್ಬರು ತಂದೆಯರು. ಆಧುನಿಕ ಕಾಲದಲ್ಲಿ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ, ಅಂದರೆ ಪುರೋಹಿತರಿಲ್ಲದೆ ವಧೂವರರೇ ಪ್ರತಿಜ್ಞೆ ಸ್ವೀಕರಿಸುವ ಸರಳ ವಿಧಿ, 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯಿಂದ ಆರಂಭವಾಗಿ ಮುಂದೆ ರೈತ ಚಳವಳಿಯ ಮೂಲಕ ಹರಡಿತು. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹಗಳಲ್ಲಿಯೂ ಅಂತರ್ಜಾತಿ ಜೋಡಿಗಳಿಗೆ ಸ್ಥಳವಿದೆ. ಇವೆಲ್ಲ ಮದುವೆಯ ದಿನವನ್ನು ಬದಲಿಸಿದವು. ಮರುದಿನದಿಂದ ಶುರುವಾಗುವ ದೀರ್ಘ ಕಾಲವನ್ನು, ಎಂದರೆ ಮೊದಲ ಹೆರಿಗೆಗೆ ತವರಿಲ್ಲದ, ಮಗುವಿನ ಜವಳಕ್ಕೆ ಮಾವನಿಲ್ಲದ, ಪಂಚಮಿಗೆ ಕರೆಯಲು ಬರುವ ಅಣ್ಣನಿಲ್ಲದ ಕಾಲವನ್ನು, ಅವು ಅಷ್ಟಾಗಿ ಮುಟ್ಟಲಿಲ್ಲ. ದೆಹಲಿಯ ಧನಕ್ ಸಂಸ್ಥೆ ಅಂತರಧರ್ಮೀಯ ಮತ್ತು ಅಂತರ್ಜಾತಿ ದಂಪತಿಗಳನ್ನು ಒಂದೆಡೆ ಸೇರಿಸುತ್ತ ಬಂದಿರುವುದು ಈ ದೀರ್ಘ ಕಾಲವನ್ನು ಗಮನದಲ್ಲಿಟ್ಟುಕೊಂಡೇ. ಆದರೆ ಅದರ ನೆಲೆ ಮಹಾನಗರ, ಅಲ್ಲಿ ಮರೆಯಾಗಿ ಬದುಕುವ ಸೌಲಭ್ಯವಾದರೂ ಇದೆ.

ಛಾಯಾಗ್ರಹಣ ಇಲ್ಲಿ ಪ್ರವೇಶಿಸುವ ಬಗೆಯಲ್ಲಿ ಎರಡು ವಿಧಗಳನ್ನು ಬೇರ್ಪಡಿಸುವುದು ಅಗತ್ಯ. ಮೊದಲನೆಯದರಲ್ಲಿ ದಂಪತಿ ಚಿತ್ರದ ವಸ್ತು. ವರ್ಣಭೇದದ ಕಾನೂನನ್ನು ಪ್ರಶ್ನಿಸಿದ ವರ್ಜೀನಿಯಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಅವರ ಮನೆಯ ಬದುಕನ್ನು ಗ್ರೇ ವಿಲೆಟ್ 1965ರಲ್ಲಿ ಸೆರೆಹಿಡಿದ. ಮರುವರ್ಷ ಲೈಫ್ ಪತ್ರಿಕೆಯಲ್ಲಿ ಬಂದ ಆ ಚಿತ್ರಗಳಲ್ಲಿ ಹೋರಾಟಗಾರರ ಬದಲು ಸೋಫಾದ ಮೇಲೆ ನಗುತ್ತ ಕುಳಿತ ಗಂಡಹೆಂಡತಿ ಕಂಡರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1967ರ ಜೂನ್ 12ರಂದು. ಭಾರತದಲ್ಲಿ, ಆಭರಣ ಸಂಸ್ಥೆಯೊಂದು ಅಂತರಧರ್ಮೀಯ ಕುಟುಂಬವನ್ನು ತೋರಿಸಿದ ಜಾಹೀರಾತನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡ 2020ರ ಅಕ್ಟೋಬರ್‌ನಲ್ಲೇ ಪತ್ರಕರ್ತರಾದ ಪ್ರಿಯಾ ರಮಣಿ, ಸಮರ್ ಹಳರ್ನಕರ್ ಮತ್ತು ನಿಲೋಫರ್ ವೆಂಕಟರಾಮನ್ ಇನ್‌ಸ್ಟಾಗ್ರಾಂನಲ್ಲಿ ಇಂಡಿಯಾ ಲವ್ ಪ್ರಾಜೆಕ್ಟ್ ಆರಂಭಿಸಿದರು. ಜಾತಿ ಧರ್ಮ ಮೀರಿ ಮದುವೆಯಾದವರು ತಮ್ಮದೇ ಹಳೆಯ ಚಿತ್ರ ಮತ್ತು ಚಿಕ್ಕ ಕಥನವನ್ನು ಕಳುಹಿಸುವ ಈ ಯೋಜನೆಯ ಮೊದಲ ಕಥನ ನಿಲೋಫರ್ ಅವರ ಪಾರ್ಸಿ ತಾಯಿ ಮತ್ತು ತಮಿಳು ಹಿಂದೂ ತಂದೆಯದು. ಅಲ್ಲಿ ಕಾಣುವ ಮಾಸಿದ ಕಪ್ಪುಬಿಳುಪು ಚಿತ್ರಗಳ ಬಲ ಅವುಗಳ ಹಳಮೆಯಲ್ಲೇ ಇದೆ: ಈಗ ತಾನೇ ಮದುವೆಯಾಗಿ ಹೆದರಿರುವವರಿಗೆ, ನಲವತ್ತು ವರ್ಷ ಹೀಗೇ ಬಾಳಿದವರಿದ್ದಾರೆ ಎಂದು ಅವು ತೋರಿಸಿಕೊಡುತ್ತವೆ.

ಎರಡನೆಯ ವಿಧದಲ್ಲಿ ಕ್ಯಾಮೆರಾ ಅದೇ ಜನರ ಕೈಗೆ ಹೋಗುತ್ತದೆ. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ 1990ರ ದಶಕದ ಆರಂಭದಲ್ಲಿ ಚೀನಾದ ಯುನಾನ್ ಪ್ರಾಂತ್ಯದ 62 ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕಲಿಸಿ, ತಮ್ಮ ದುಡಿಮೆ ಮತ್ತು ಆರೋಗ್ಯದ ಚಿತ್ರಗಳನ್ನು ಅವರಿಂದಲೇ ತೆಗೆಸಿ, ಗುಂಪಿನಲ್ಲಿ ಕುಳಿತು ಆ ಚಿತ್ರಗಳ ಬಗ್ಗೆ ಮಾತನಾಡಿಸಿದರು. ಫೋಟೊವಾಯ್ಸ್ ಎಂದು ಹೆಸರಾದ ಈ ವಿಧಾನದಲ್ಲಿ ಚಿತ್ರ ತೆಗೆಯುವುದು ಅರ್ಧ ಕೆಲಸ ಮಾತ್ರ. ಯಾವ ಚಿತ್ರವನ್ನು ಮುಂದಿಡಬೇಕೆಂದು ಎಲ್ಲರೂ ಕೂಡಿ ಆಯುವುದು, ಅದರ ಹಿಂದಿನ ಮಾತನ್ನು ಆಡುವುದು ಉಳಿದರ್ಧ. ಕರ್ನಾಟಕದಲ್ಲಿ ಛಾಯಾಗ್ರಾಹಕರ ಸಂಘಟನೆಗೆ ಕೊರತೆಯಿಲ್ಲ: ಡಾ. ಜಿ. ಥಾಮಸ್ ಮುಂದಾಳತ್ವದಲ್ಲಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಬೆಂಗಳೂರಿನಲ್ಲೇ ರೂಪುಗೊಂಡಿತು, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಆದರೆ ಇವುಗಳ ದೃಷ್ಟಿ ಸ್ಪರ್ಧೆ, ಪ್ರದರ್ಶನ, ವನ್ಯಜೀವಿ ಮತ್ತು ನಿಸರ್ಗದ ಕಡೆಗೆ ಹೊರಳಿದ್ದು; ಒಳ್ಳೆಯ ಚಿತ್ರವೇ ಅಲ್ಲಿ ಸದಸ್ಯತ್ವದ ಗುರುತು. ದಂಪತಿಗಳ ಕಮ್ಮಟದಲ್ಲಿ ಅಲುಗಾಡಿದ ಚಿತ್ರವೂ ಒಳ್ಳೆಯದೇ, ಏಕೆಂದರೆ ಅದನ್ನು ತೆಗೆದವರು ಅಲ್ಲಿಗೆ ಬಂದಿದ್ದರು.

ಈ ಎರಡನೆಯ ವಿಧವನ್ನು ಕೊಪ್ಪಳ ಸೀಮೆಗೆ ಒಗ್ಗಿಸುವಾಗ ಎದುರಾಗುವ ತೊಡಕು ಚಿತ್ರದ ಸಂಚಾರದ್ದು. ಮಹಾನಗರದ ಯೋಜನೆಗಳು ಕಾಣಿಸಿಕೊಳ್ಳುವುದನ್ನೇ ಧೈರ್ಯವೆಂದು ಭಾವಿಸುತ್ತವೆ. ಲಕ್ಕಲಕಟ್ಟಿಯಂಥ ಘಟನೆ ನೆನಪಿನಲ್ಲಿರುವ ಕಡೆ, ದಂಪತಿ ಎಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ ಎಂಬುದನ್ನು ಹಿನ್ನೆಲೆಯ ಅಂಗಡಿ ಫಲಕವೊಂದೇ ಬಿಟ್ಟುಕೊಡಬಹುದು. ಆದ್ದರಿಂದ ಇಲ್ಲಿನ ಕಮ್ಮಟದ ಮೊದಲ ಪಾಠ ಬೆಳಕು ಮತ್ತು ಕೋನದ್ದಾಗಿರದೆ, ಚಿತ್ರ ಯಾರ ಬಳಿ ಉಳಿಯುತ್ತದೆ ಎಂಬುದರದ್ದಾಗಬೇಕಾಗುತ್ತದೆ: ಮೊಬೈಲ್ ಗುಂಪಿಗೆ ಹಾಕದೆ ಮುದ್ರಿಸಿದ ಪ್ರತಿ, ಕಮ್ಮಟದವರೇ ಇಟ್ಟುಕೊಳ್ಳುವ ಒಂದು ಆಲ್ಬಂ, ಮುಖ ಬೇಡವೆಂದವರಿಗೆ ಕೈ, ಅಡುಗೆಮನೆ, ತೊಟ್ಟಿಲುಗಳ ಚಿತ್ರ. ಹೊರಗಿನವರು ಇದನ್ನು ಅಂಜಿಕೆಯೆಂದು ಕರೆಯಬಹುದು, ಆದರೆ ಬಂಧುಗಳ ಆಲ್ಬಂ ಕೂಡ ಎಂದೂ ಬೀದಿಗೆ ತೆರೆದದ್ದಲ್ಲ. ಅದು ಮನೆಗೆ ಬಂದ ಬೀಗರಿಗೆ ತೋರಿಸುವ ವಸ್ತು.

ಸ್ಥಳದ ಮಟ್ಟಿಗೆ ಆನೆಗೊಂದಿಗಿಂತ ಸೂಕ್ತವಾದದ್ದು ಸಿಗುವುದು ಕಷ್ಟ. ಮದುವೆಗೆ ಮುಂಚಿನ ಫೋಟೊಶೂಟ್‌ಗೆಂದು ಜೋಡಿಗಳು ಸಾಣಾಪುರ, ಆನೆಗೊಂದಿ, ಹಂಪಿಯ ಬಂಡೆಗಳ ನಡುವೆ ದಿನವೂ ಓಡಾಡುವುದರಿಂದ, ಕ್ಯಾಮೆರಾ ಹಿಡಿದ ಗಂಡುಹೆಣ್ಣು ಅಲ್ಲಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ಅದಲ್ಲದೆ ಆ ಪರಿಸರ ಛಾಯಾಗ್ರಹಣದ ಒಂದು ಅಪೂರ್ವ ಕ್ರಮವನ್ನೂ ಕಲಿಸಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಚಿತ್ರಿಸಿದ. ಶತಮಾನಕ್ಕೂ ಮಿಕ್ಕಿದ ನಂತರ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ ಅವೇ ದೃಶ್ಯಗಳನ್ನು ಮತ್ತೆ ತೆಗೆದ. ಮರುಚಿತ್ರಣವೆಂದು ಕರೆಯಬಹುದಾದ ಈ ಕ್ರಮದಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಉಳಿದದ್ದೂ ಅಳಿದದ್ದೂ ಒಟ್ಟಿಗೇ ಕಾಣುತ್ತವೆ. ಹೆತ್ತವರ ಮದುವೆಯ ಸಮೂಹಚಿತ್ರವನ್ನು ಹೇಗೋ ಉಳಿಸಿಕೊಂಡು ಬಂದ ಮಗಳು, ಅದೇ ಸಾಲು, ಅದೇ ಕುರ್ಚಿಗಳ ಜೋಡಣೆಯಲ್ಲಿ ಕಮ್ಮಟದ ಇತರ ದಂಪತಿಗಳನ್ನು ನಿಲ್ಲಿಸಿ ಚಿತ್ರ ತೆಗೆದರೆ ಸೋದರಮಾವನ ಜಾಗದಲ್ಲಿ ಕ್ಯಾಂಪಿನ ತೆಲುಗು ಮನೆಯವರೋ, ಹಿರಿಯತ್ತೆಯ ಜಾಗದಲ್ಲಿ ಕುಷ್ಟಗಿಯ ಮುಸ್ಲಿಂ ಹೆಂಗಸೋ ಬಂದು ನಿಲ್ಲಬೇಕಾಗುತ್ತದೆ. ಯಾರು ಯಾವ ಕುರ್ಚಿಗೆ ಎಂದು ಚರ್ಚೆ ಏಳುತ್ತದೆ. ದಲಿತ ದಂಪತಿಯನ್ನು ಹಿಂದಿನ ಸಾಲಿಗೆ ತಳ್ಳುವ ಅಭ್ಯಾಸ ಕಮ್ಮಟದೊಳಗೂ ಇಣುಕಬಹುದು. ಜಾತಿ ಮೀರಿ ಮದುವೆಯಾದ ಮಾತ್ರಕ್ಕೆ ಜಾತಿಯ ಮರ್ಯಾದೆಯ ಲೆಕ್ಕ ಮರೆತುಹೋಗುತ್ತದೆಂದು ನಂಬಲು ಕಾರಣವಿಲ್ಲ. ಆ ಚರ್ಚೆಯಾಗುವುದೇ ಲೇಸು.

ಉಳಿದದ್ದು, ವಿರಳವಾಗಿ ಚದುರಿಹೋದ ಈ ದಂಪತಿಗಳನ್ನು ಕಾಣುವ ಬಗೆ. ಪರಿಶಿಷ್ಟ ಜಾತಿಯ ಯುವತಿ ಇತರ ಜಾತಿಯ ಯುವಕನನ್ನು ಮದುವೆಯಾದರೆ 3 ಲಕ್ಷ ರೂಪಾಯಿ, ಪರಿಶಿಷ್ಟ ಜಾತಿಯ ಯುವಕ ಇತರ ಜಾತಿಯ ಯುವತಿಯನ್ನು ಮದುವೆಯಾದರೆ 2.5 ಲಕ್ಷ ರೂಪಾಯಿ ಪ್ರೋತ್ಸಾಹಧನವನ್ನು ರಾಜ್ಯದ ಸಮಾಜ ಕಲ್ಯಾಣ ಇಲಾಖೆ ನೀಡುತ್ತದೆ. ಅರ್ಜಿಯೊಂದಿಗೆ ವಿವಾಹ ನೋಂದಣಿ ಪತ್ರ, ಜಾತಿ ಪ್ರಮಾಣಪತ್ರ ಮತ್ತು ದಂಪತಿಯ ಜೋಡಿ ಫೋಟೊ ಹೋಗುತ್ತವೆ. ಹೀಗೆ ಪ್ರತಿ ತಾಲ್ಲೂಕಿನ ಕಚೇರಿಯಲ್ಲಿಯೂ, ಒಬ್ಬರನ್ನೊಬ್ಬರು ಕಂಡರಿಯದ ಕುಟುಂಬಗಳ ಚಿತ್ರಗಳು ಕಡತದೊಳಗೆ ಒಂದರ ಮೇಲೊಂದು ಕುಳಿತಿವೆ. ಹಣ ಖಾತೆಗೆ ಜಮೆಯಾದ ಮೇಲೆ ಇಲಾಖೆಗೂ ದಂಪತಿಗೂ ಇರುವ ಸಂಬಂಧ ಮುಗಿಯುತ್ತದೆ. ಕಡತವನ್ನು ಯಾರಿಗೂ ತೆರೆಯದೆಯೇ, ಮಂಜೂರಾತಿ ಪತ್ರದ ಜೊತೆಗೆ ಕಮ್ಮಟದ ಆಹ್ವಾನವನ್ನು ಇಟ್ಟು, ಬರುವುದೂ ಬಿಡುವುದೂ ದಂಪತಿಯ ಇಚ್ಛೆಗೆ ಸೇರಿದ್ದೆಂದು ಬರೆದು ಕಳುಹಿಸಲು ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ; ಯಲಬುರ್ಗಾ ಅಥವಾ ಗಂಗಾವತಿಯ ಇಲಾಖಾ ವಿದ್ಯಾರ್ಥಿನಿಲಯದ ಸಭಾಂಗಣವನ್ನು ಒಂದು ಭಾನುವಾರ ಬಿಟ್ಟುಕೊಟ್ಟು, ಊರಿನ ಸ್ಟುಡಿಯೊದವರೊಬ್ಬರನ್ನು ಕಲಿಸಲು ಕರೆದರೆ ಆರಂಭಕ್ಕೆ ಸಾಕು.