ದಿಲ್ಲಿಯ ಶಾಲೆಗಳಲ್ಲಿ ಕಲೆ ಮತ್ತು ಕೈಗಸಬು

ಒಂದೇ ಕೊಠಡಿಯಲ್ಲಿ ಕುಳಿತ ಮಾತ್ರಕ್ಕೆ ಮಕ್ಕಳು ಒಂದು ಸಮಾಜವಾಗುವುದಿಲ್ಲ. ಭಾಷೆ, ಮತ, ಸಿರಿತನಗಳ ಭೇದವನ್ನು ಅವರು ಮನೆಯಿಂದಲೇ ಹೊತ್ತು ತರುತ್ತಾರೆ. ಕಲೆ ಮತ್ತು ಕೈಗಸಬುಗಳ ಮೂಲಕ ಆ ಭೇದವನ್ನು ಕರಗಿಸಲು ದಿಲ್ಲಿಯ ಆಸುಪಾಸಿನಲ್ಲಿ ನಡೆದ ಪ್ರಯತ್ನಗಳ ಇತಿಹಾಸವು ವಿಚಾರಾರ್ಹವಾದುದು.

1920ರಲ್ಲಿ ಅಲೀಗಢದಲ್ಲಿ ಹುಟ್ಟಿ 1925ರಲ್ಲಿ ದಿಲ್ಲಿಗೆ ಬಂದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸಂಸ್ಥೆಯು 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ತನ್ನ ಕಟ್ಟಡಕ್ಕೆ ಅಸ್ತಿಭಾರ ಹಾಕಿಸಿತು. ಕಲ್ಲನ್ನಿಟ್ಟವನು ಯಾವ ಗಣ್ಯನೂ ಅಲ್ಲ, ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ. ಅಲ್ಲಿ ಮಗುವಿಗಿದ್ದ ಸ್ಥಾನವನ್ನು ಈ ಒಂದು ಸಂಗತಿಯೇ ತಿಳಿಸುತ್ತದೆ. ಬರ್ಲಿನ್ನಿನಲ್ಲಿ ಜಾಕಿರ್ ಹುಸೇನರಿಗೆ ಪರಿಚಿತರಾಗಿದ್ದ ಯೆಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್ 1933ರಲ್ಲಿ ಜಾಮಿಯಾಕ್ಕೆ ಬಂದು ಎಳೆಯ ಮಕ್ಕಳ ಶಿಕ್ಷಣಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಮಕ್ಕಳ ಪಾಲಿಗೆ ಅವರು 'ಆಪಾ ಜಾನ್', ಎಂದರೆ ಅಕ್ಕರೆಯ ಅಕ್ಕ. 1943ರಲ್ಲಿ ತೀರಿಕೊಂಡ ಅವರ ಸಮಾಧಿಯು ಜಾಮಿಯಾದ ಸ್ಮಶಾನದಲ್ಲಿಯೇ ಇದೆ.

1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತು ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆಯನ್ನು ರೂಪಿಸುವ ಸಮಿತಿಗೆ ಜಾಕಿರ್ ಹುಸೇನರನ್ನೇ ಅಧ್ಯಕ್ಷರನ್ನಾಗಿ ನೇಮಿಸಿತು. 7ರಿಂದ 14 ವರ್ಷದ ಮಕ್ಕಳಿಗಾಗಿ ಸಮಿತಿಯು ರಚಿಸಿದ ಪಾಠಕ್ರಮದಲ್ಲಿ ಕೈಗಸಬು ಕೇಂದ್ರವಾಗಿತ್ತು. ಚಿತ್ರಲೇಖನಕ್ಕೂ ಸಂಗೀತಕ್ಕೂ ಸ್ಥಾನವಿತ್ತು. ದೇಹಶ್ರಮ ಮಾಡುವವರಿಗೂ ಓದುಬರಹದವರಿಗೂ ನಡುವಣ ಗೋಡೆಯನ್ನು ಕೆಡವುವುದು ಅದರ ಒಂದು ಉದ್ದೇಶ. ಸಂಪಾದನೆಯ ಆಸೆಯಲ್ಲಿ ಶಿಕ್ಷಣದ ಗುರಿ ಮರೆಯಾಗಬಾರದೆಂದು ಸಮಿತಿಯೇ ಎಚ್ಚರಿಸಿತ್ತು.

ದೇಶವಿಭಜನೆಯ ನಂತರ ಈ ತತ್ತ್ವಕ್ಕೆ ಕಠಿನ ಪರೀಕ್ಷೆ ಒದಗಿತು. ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರಿಗಾಗಿ ದಿಲ್ಲಿಯ ದಕ್ಷಿಣಕ್ಕೆ ಫರೀದಾಬಾದ್ ಹೊಸನಗರವು ನಿರ್ಮಾಣವಾದಾಗ, ಅದರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಕಟ್ಟಿದ ಭಾರತೀಯ ಸಹಕಾರ ಸಂಘದ ಪಾಲೂ ಇತ್ತು. ಶಿಕ್ಷಣದ ಹೊಣೆಯನ್ನು ಹೊತ್ತವರು ಸೇವಾಗ್ರಾಮದ ಆಶಾದೇವಿ ಆರ್ಯನಾಯಕಂ. ಮನೆಮಾರು ಕಳೆದುಕೊಂಡ ಮಗುವಿಗೆ ತನ್ನ ಕೈಯಿಂದ ಒಂದು ವಸ್ತು ರೂಪುಗೊಳ್ಳುವುದನ್ನು ಕಾಣುವುದೇ ಒಂದು ಆಸರೆ; ಅದನ್ನು ನೆರೆಯವನೊಡನೆ ಕೂಡಿ ಮಾಡಿದರೆ ಅದೇ ಹೊಸ ನೆಂಟಸ್ತಿಕೆಗೆ ಬೀಜ.

ಆದರೂ ಮೂಲಶಿಕ್ಷಣ ದೇಶದಲ್ಲಿ ಬೇರೂರಲಿಲ್ಲ. ಅನುಕೂಲಸ್ಥರ ಮಕ್ಕಳು ಬೇರೆ ಶಾಲೆಗಳಿಗೆ ಹೋದರು. ಎಲ್ಲರನ್ನೂ ಕೂಡಿಸಬೇಕಾಗಿದ್ದ ಕೈಗಸಬು ಬಡವರ ಶಾಲೆಯ ಗುರುತಾಯಿತು. ಕೊಠಾರಿ ಆಯೋಗವು (1964–66) ಕಾರ್ಯಾನುಭವವನ್ನೂ ಸಮಾನ ಶಾಲಾ ಪದ್ಧತಿಯನ್ನೂ ಒಟ್ಟಿಗೆ ಸೂಚಿಸಿತು. ಎರಡನೆಯದು ಕಾಗದದಲ್ಲೇ ಉಳಿಯಿತು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25 ಸ್ಥಾನಗಳನ್ನು ಹಿಂದುಳಿದ ಮತ್ತು ಬಡ ಮಕ್ಕಳಿಗೆ ತೆರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ಪಾಠಗಳೊಡನೆ ಬೆಸೆಯಬೇಕೆನ್ನುತ್ತದೆ. ಹೀಗೆ ಹಿಂದೆ ಒಡನೆ ಸೇರದೆ ಹೋದ ಎರಡು ಎಳೆಗಳು ಈಗ ಒಂದೆಡೆ ಬಂದಿವೆ. ಕಾಯಿದೆ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಬಲ್ಲದು, ಒಡನಾಡಿಗಳನ್ನಾಗಿ ಮಾಡಲಾರದು. ಭಾಷೆ ಬಾರದವನೂ ಬಣ್ಣವನ್ನು ಬಲ್ಲ, ಶುಲ್ಕ ಕೊಡಲಾರದವನೂ ತಾಳವನ್ನು ಬಲ್ಲ. ಆದರೆ ಕುಂಚವೂ ತಾಳವೂ ಎಲ್ಲರ ಕೈಗೂ ಸಮನಾಗಿ ಬರಬೇಕು. ಓಖ್ಲಾ, ಫರೀದಾಬಾದುಗಳ ಅನುಭವದ ಸಾರ ಇಷ್ಟೆ.