ಮಧುಗಿರಿಯ ಕಿಟ್ಟದಿಂದ ಪಾವಗಡದ ಬೆಸುಗೆಯವರೆಗೆ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಇತಿಹಾಸವನ್ನು ಕೋಟೆ, ಕೆರೆ ಹಾಗೂ ಪಾಳೆಯಗಾರರ ಹಿನ್ನೆಲೆಯಲ್ಲಿ ನೋಡುವುದು ವಾಡಿಕೆ. ಆದರೆ ಲೋಹವಿದ್ಯೆಯ ದೃಷ್ಟಿಯಿಂದಲೂ ಈ ಸೀಮೆ ಗಮನಾರ್ಹವಾದುದು.

1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಮಧುಗಿರಿ ಪರಿಸರದ ಕಬ್ಬಿಣದ ಕುಲುಮೆಗಳನ್ನು ದಾಖಲಿಸಿದ್ದಾನೆ. ಮಳೆನೀರು ಗುಡ್ಡಗಳಿಂದ ಹೊತ್ತು ತಂದ ಕಪ್ಪು ಮರಳೇ ಅಲ್ಲಿಯ ಅದಿರು. ಇಂತಹ ಕುಲುಮೆಗಳಲ್ಲಿ ಅದಿರಿನ ಒಂದು ಪಾಲು ಮರಳಿನ ಸಿಲಿಕದೊಡನೆ ಕೂಡಿ ಕಿಟ್ಟವಾಗಿ ಹರಿಯುತ್ತಿತ್ತು. ಮುದ್ದೆಯೊಳಗೆ ಉಳಿದುದನ್ನು ಕಾದಿರುವಾಗಲೇ ಬಡಿದು ಹೊರಹಾಕಬೇಕಾಗಿತ್ತು. ಕಲ್ಮಶವನ್ನು ಕರಗಿಸಿ ಬೇರ್ಪಡಿಸುವುದು, ಬಳಿಕ ಶೇಷವನ್ನು ತೆಗೆಯುವುದು ಎಂಬ ಎರಡು ಹಂತಗಳು ಇಲ್ಲಿ ಸ್ಪಷ್ಟವಾಗಿವೆ.

ಬೆಸುಗೆಯ ತತ್ತ್ವವೂ ಇದಕ್ಕೆ ಸಮೀಪವಾದುದೇ. ಕಾದ ಲೋಹದ ಮೇಲೆ ಮೂಡುವ ಆಕ್ಸೈಡಿನ ಪೊರೆ ಹೋಗದೆ ಬೆಸುಗೆ ಹಿಡಿಯದು. ಅಕ್ಕಸಾಲಿಗರು ಇದಕ್ಕಾಗಿ ಬಿಳಿಗಾರವನ್ನೂ ಕಲಾಯಿಗಾರರು ನವಸಾಗರವನ್ನೂ ಬಳಸುತ್ತ ಬಂದರು. ವಿದ್ಯುನ್ಮಾನ ಫಲಕಗಳ ಬೆಸುಗೆಯಲ್ಲಿ ಆ ಸ್ಥಾನವನ್ನು ರಾಳ ಪಡೆಯಿತು. ನವಸಾಗರದ ಕ್ಲೋರೈಡ್ ಶೇಷ ತೇವಾಂಶವನ್ನು ಹೀರಿ ತಾಮ್ರವನ್ನು ತಿನ್ನುತ್ತದೆ. ತಣ್ಣಗಾದ ರಾಳ ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆ.

2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಪಾವಗಡದ ಸೌರ ಉದ್ಯಾನ ಸುಮಾರು 13,000 ಎಕರೆಗಳಲ್ಲಿ ಹರಡಿದೆ. ಅದರ ಸಾಮರ್ಥ್ಯ 2019ರ ಅಂತ್ಯಕ್ಕೆ 2,050 ಮೆಗಾವಾಟ್ ತಲುಪಿತು. ಸ್ಫಟಿಕ ಸಿಲಿಕಾನ್ ಫಲಕಗಳಲ್ಲಿ ಕೋಶಗಳನ್ನು ಜೋಡಿಸುವುದು ಬೆಸುಗೆಲೋಹ ಲೇಪಿಸಿದ ತಾಮ್ರದ ಪಟ್ಟಿಗಳು. ಈ ಲೇಪನಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ತವರ ಮತ್ತು ಸೀಸದ ಮಿಶ್ರಲೋಹ. ಕಾರ್ಖಾನೆಯಲ್ಲಿ ಬೆಸೆದ ಮೇಲೆ ಕೋಶಗಳನ್ನು ಗಾಜಿನಡಿ ಮುಚ್ಚಿಬಿಡುವುದರಿಂದ, ಒಳಗುಳಿದ ಶೇಷವನ್ನು ಮತ್ತೆ ತೊಳೆಯಲಾಗದು. ಅದು ಮಿತಿಮೀರಿದರೆ ಪದರಗಳು ಬಿಡುತ್ತವೆ, ಬೆಳ್ಳಿಯ ಗೆರೆಗಳು ಸವೆಯುತ್ತವೆ. ಆದುದರಿಂದಲೇ ಅತ್ಯಲ್ಪ ಶೇಷ ಬಿಡುವ ದ್ರವಗಳು ಬಳಕೆಗೆ ಬಂದವು.

ಮಧುಗಿರಿಯ ಕಮ್ಮಾರನ ಕಿಟ್ಟ ಕುಲುಮೆಯ ಬದಿಯಲ್ಲಿಯೇ ರಾಶಿಯಾಗುತ್ತಿತ್ತು. ಪಾವಗಡದ ಫಲಕಗಳಲ್ಲಿ ಶೇಷವೂ ಲೋಹವೂ ಒಟ್ಟಿಗೆ ಮುಚ್ಚಿಹೋಗಿವೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ಒಳಗೊಂಡಿವೆ. ಉದ್ಯಾನದ ನೆಲ ರೈತರಿಂದ ಗುತ್ತಿಗೆಗೆ ಪಡೆದುದು. ಅವಧಿ ಮುಗಿದಾಗ ಅವರಿಗೆ ಮರಳಬೇಕಾದುದು. ಕಿಟ್ಟವನ್ನು ಬೇರ್ಪಡಿಸುವ ಹಳೆಯ ಹೊಣೆ ಆಗ ಹೊಸ ರೂಪದಲ್ಲಿ ಈ ಸೀಮೆಯ ಮುಂದೆ ನಿಲ್ಲುತ್ತದೆ.