ಮರಳಿ ಬರುವ ನೆರಳು

1980ರ ಫೆಬ್ರವರಿ 16ರ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಅಂದು ಮಧ್ಯಾಹ್ನ ಅಂಕೋಲಾದಿಂದ ರಾಯಚೂರಿನ ಕಡೆಗೆ ಚಂದ್ರನ ನೆರಳು ಹಾದುಹೋಯಿತು. ಎರಡು ಮೂರು ನಿಮಿಷ ಹಗಲಲ್ಲೇ ಕತ್ತಲಾಯಿತು. ಅದನ್ನು ನೋಡಲು ವಿಜ್ಞಾನಿಗಳು ನಮ್ಮ ನಾಡಿನಲ್ಲಿ ಶಿಬಿರ ಹೂಡಿದ್ದರು. ನಮ್ಮವರಲ್ಲಿ ಬಹಳ ಮಂದಿ ಮಾತ್ರ ಹೆದರಿ, ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು.

ಹೆದರುವಂಥದ್ದು ಅದರಲ್ಲೇನಿದೆ? ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ನಮ್ಮಿಂದ ಅವನ ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಆದ್ದರಿಂದ ಎರಡೂ ಕಣ್ಣಿಗೆ ಒಂದೇ ಗಾತ್ರವಾಗಿ ಕಾಣುತ್ತವೆ. ಅಮಾವಾಸ್ಯೆಯಂದು ಚಂದ್ರನು ಸೂರ್ಯನಿಗೆ ನೇರವಾಗಿ ಅಡ್ಡ ಬಂದರೆ ಗ್ರಹಣ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಅಮಾವಾಸ್ಯೆಗೂ ಹೀಗಾಗುವುದಿಲ್ಲ. ಎರಡು ದಾರಿಗಳು ಸಂಧಿಸುವ ಬಿಂದುಗಳ ಬಳಿ ಅಮಾವಾಸ್ಯೆ ಒದಗಬೇಕು. ಪಂಚಾಂಗದಲ್ಲಿ ರಾಹು, ಕೇತು ಎಂದು ಕರೆಯುವುದು ಈ ಬಿಂದುಗಳನ್ನೇ.

ಇದಕ್ಕೊಂದು ಲೆಕ್ಕವಿದೆ ಎಂಬುದನ್ನು ಕಂಡುಕೊಂಡವರು ಪ್ರಾಚೀನ ಬ್ಯಾಬಿಲೋನಿನ ಜನ. ಅವರು ತಲೆಮಾರುಗಳ ಕಾಲ ಗ್ರಹಣಗಳನ್ನು ಮಣ್ಣಿನ ಫಲಕಗಳಲ್ಲಿ ಬರೆದಿಟ್ಟರು. 223 ಚಾಂದ್ರಮಾಸಗಳು, ಅಂದರೆ 18 ವರ್ಷ, 11 ದಿನ, 8 ಗಂಟೆ ಕಳೆದರೆ ಅದೇ ಬಗೆಯ ಗ್ರಹಣ ಮರಳುತ್ತದೆ. ಇದನ್ನು ಇಂದು 'ಸಾರೋಸ್' ಚಕ್ರ ಎನ್ನುತ್ತಾರೆ. ಆ ಹೆಚ್ಚುವರಿ 8 ಗಂಟೆಗಳಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ನೆರಳು ಬೇರೆ ನಾಡಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಹಾದುಹೋದ ಗ್ರಹಣದ ಮುಂದಿನ ಸರದಿ 1998ರಲ್ಲಿ ಕೆರಿಬಿಯನ್ ಪ್ರದೇಶಕ್ಕೆ, 2016ರಲ್ಲಿ ಇಂಡೋನೇಷ್ಯಾಕ್ಕೆ ಬಂತು. ಮೂರು ಚಕ್ರ ಮುಗಿದಾಗ ಅದು ಮತ್ತೆ ನಮ್ಮ ಕಡೆಗೇ ತಿರುಗುತ್ತದೆ.

ಕೈರೋದ ಖಗೋಳಜ್ಞ ಇಬ್ನ್ ಯೂನುಸ್ (ನಿಧನ 1009) ಕೂಡ ಗ್ರಹಣಗಳ ಸಮಯವನ್ನು ಜಾಗ್ರತೆಯಿಂದ ದಾಖಲಿಸಿದರು. ಎಂಟು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಅಮೆರಿಕದ ಸೈಮನ್ ನ್ಯೂಕಂಬ್ ಚಂದ್ರನ ಚಲನೆಯನ್ನು ಲೆಕ್ಕಹಾಕುವಾಗ ಆ ದಾಖಲೆಗಳನ್ನು ಬಳಸಿಕೊಂಡರು. ನೋಡಿ ಬರೆದಿಟ್ಟವರ ಶ್ರಮ ಹೀಗೆ ಮುಂದಿನವರಿಗೆ ಆಸ್ತಿಯಾಗುತ್ತದೆ. ಬಾಗಿಲು ಹಾಕಿಕೊಂಡವರು ಮಕ್ಕಳಿಗೆ ಬಿಟ್ಟುಹೋದದ್ದು ಭಯವನ್ನು ಮಾತ್ರ.

1980ರ ಆ ನೆರಳಿನ ಸರದಿ 2034ರ ಮಾರ್ಚ್ 20ರಂದು ಮತ್ತೆ ಬರಲಿದೆ. ನೈಜೀರಿಯಾ, ಈಜಿಪ್ಟ್, ಸೌದಿ ಅರೇಬಿಯಾ, ಇರಾನ್ ದಾಟಿ ಅದು ಲಡಾಖಿನ ಕಾರ್ಗಿಲ್ ಕಡೆಗೆ ಸಾಗುತ್ತದೆ. ಆಗ ನಿಮ್ಮ ವಯಸ್ಸೆಷ್ಟಿರುತ್ತದೆ, ಲೆಕ್ಕ ಹಾಕಿ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಎಚ್ಚರ ಖಂಡಿತ ಇರಲಿ. ಅದಕ್ಕಾಗಿಯೇ ತಯಾರಿಸಿದ ಕನ್ನಡಕ ಸಿಗುತ್ತದೆ. ಆದರೆ ಈ ಸಲ ನಮ್ಮ ಮಕ್ಕಳು ಮುಚ್ಚಿದ ಬಾಗಿಲ ಹಿಂದೆ ಕೂರದಿರಲಿ.